ಹೆಸರು ಬರೆಯಲಾಗದವರಿಗೆ

ಕಳೆದ ಗುರುವಾರ ಮಧ್ಯಾಹ್ನ ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆ ಮುಗಿಯಿತು. ಮನೋರೋಗ ಶುಶ್ರೂಷೆಯಲ್ಲಿ ಏಳು ವರ್ಷದ ಕೆಲಸ. ವಾರ್ಡಿನ ಡ್ಯೂಟಿ ಮಾಡಿಕೊಂಡೇ ಮಾಡಿದ್ದು. ಹೊರಗೆ ಬಂದಾಗ ಜೊತೆಯವರು ಹಾರ ಹಾಕಿ ಪೇಡೆ ತಿನ್ನಿಸಿದರು. ಅಂದು ರಾತ್ರಿ ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ, ರಟ್ಟು ಹಾಕಿಸಿದ ಪ್ರಬಂಧದ ಮೊದಲ ಪುಟಗಳನ್ನು ಮತ್ತೆ ತೆರೆದೆ. ಕೃತಜ್ಞತೆಗೆ ಎರಡು ಪುಟವಿದೆ. ಮಾರ್ಗದರ್ಶಕರು, ಗ್ರಂಥಾಲಯದವರು, ಅಂಕಿಅಂಶ ನೋಡಿಕೊಟ್ಟವರು, ಮನೆಯವರು ಎಲ್ಲರೂ ಅಲ್ಲಿದ್ದಾರೆ. ಯಾರು ಬಾಯಿಬಿಟ್ಟು ಹೇಳಿದ್ದರಿಂದ ಈ ಪ್ರಬಂಧ ಆಯಿತೋ ಅವರಿಗೆ ಸಿಕ್ಕಿರುವುದು ಒಂದೇ ಸಾಲು: ‘ಅಧ್ಯಯನದಲ್ಲಿ ಭಾಗವಹಿಸಿದ ಎಲ್ಲರಿಗೂ’.

ಆ ಒಂದು ಸಾಲು ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಹೆಸರು ಬರೆಯುವಂತಿಲ್ಲ. ಮೊದಲ ದಿನವೇ ನಾನು ನಿಮಗೆ ಕೊಟ್ಟ ಮಾತು ಅದು. ರೋಗಿಗಳಿಗೆ ‘ರೋ’, ಮನೆಯವರಿಗೆ ‘ಮ’, ನರ್ಸ್‌ಗಳಿಗೆ ‘ನ’ ಎಂದು ಅಕ್ಷರ ಕೊಟ್ಟು, ಮುಂದೆ ಒಂದು ಸಂಖ್ಯೆ ಹಾಕಿದ್ದೆ. ಯಾವ ಸಂಖ್ಯೆ ಯಾರದು ಎಂಬ ಪಟ್ಟಿ ಕಬ್ಬಿಣದ ಬೀರುವಿನಲ್ಲಿ ಬೀಗದೊಳಗಿದೆ. ಹೊರಗಿನವರಿಗೆ ಇದು ಕಚೇರಿಯ ಶಿಸ್ತಿನಂತೆ ಕಾಣಬಹುದು. ಆದರೆ ಒಂದು ಹೆಸರು ಹೊರಬಿದ್ದರೆ ತಂಗಿಯ ಮದುವೆ ನಿಂತುಹೋಗಬಹುದು, ಬಾಡಿಗೆ ಮನೆ ಖಾಲಿ ಮಾಡಬೇಕಾಗಬಹುದು ಎಂಬುದು ನಿಮಗೂ ನನಗೂ ಗೊತ್ತು. ಆದ್ದರಿಂದ ಸಂಖ್ಯೆಯಿಂದಲೇ ಕರೆಯುತ್ತೇನೆ. ಇಲ್ಲಿ ಹೇಳುವ ಸಂಗತಿಗಳಿಗೆ ನಿಮ್ಮ ಒಪ್ಪಿಗೆ ಕೇಳಿದ್ದೇನೆ. ಗುರುತು ಸಿಗುವಂಥದ್ದನ್ನು ಬಿಟ್ಟಿದ್ದೇನೆ.

ಮೊದಲು ರೋ-4, ನಿಮಗೆ. ನೀವು ವಾರ್ಡಿಗೆ ಬಂದು ಒಂಬತ್ತನೆಯ ದಿನ ನಾನು ಒಪ್ಪಿಗೆ ಪತ್ರ ಹಿಡಿದು ಬಂದೆ. ಹೆಚ್ಚಿನವರು ಎಲ್ಲಿ ಸಹಿ ಮಾಡಬೇಕು ಎಂದಷ್ಟೇ ಕೇಳುತ್ತಾರೆ. ನೀವು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಸಾಲು ಸಾಲಿನ ಕೆಳಗೂ ಬೆರಳಿಟ್ಟು ಓದಿದಿರಿ. ‘ಕಾರಣ ಕೊಡದೆ ಯಾವಾಗ ಬೇಕಾದರೂ ಅಧ್ಯಯನದಿಂದ ಹೊರಬರಬಹುದು’ ಎಂಬಲ್ಲಿ ಬೆರಳು ನಿಂತಿತು. “ಸಿಸ್ಟರ್, ಇದು ವಾರ್ಡಿಗೂ ಅನ್ವಯಿಸುತ್ತದೆಯೇ?” ಎಂದು ಕೇಳಿದಿರಿ.

ನಿಮ್ಮನ್ನು ದಾಖಲು ಮಾಡಿದ್ದು ನಿಮ್ಮ ಅಣ್ಣನ ಕೋರಿಕೆಯ ಮೇಲೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿದೆ. ಹಾಗೆ ದಾಖಲಾದವರು ಅದನ್ನು ಪ್ರಶ್ನಿಸಿ ಪರಿಶೀಲನಾ ಮಂಡಳಿಗೆ ಅರ್ಜಿ ಕೊಡಬಹುದು ಎಂಬುದೂ ಅದೇ ಕಾಯ್ದೆಯಲ್ಲಿದೆ. ನಾನು ಅದನ್ನು ವಿವರಿಸಿದೆ. ನೀವು ಸಿಟ್ಟಾಗಲಿಲ್ಲ. “ಒಂಬತ್ತು ದಿನದಿಂದ ಇದನ್ನು ನನಗೆ ಯಾರೂ ಹೇಳಲಿಲ್ಲ” ಎಂದಿರಿ. ಆ ‘ಯಾರೂ’ ಎಂಬುದರಲ್ಲಿ ನಾನೂ ಇದ್ದೆ. ಆ ಒಂಬತ್ತು ದಿನಗಳಲ್ಲಿ ಐದು ದಿನ ನಿಮಗೆ ಮಾತ್ರೆ ಕೊಟ್ಟವಳು ನಾನೇ. ಸಹಿ ಮಾಡುವಾಗ ನೀವು ಹೇಳಿದ್ದನ್ನು ಅಂದೇ ನನ್ನ ನೋಟ್‌ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ: “ಇಲ್ಲಿಗೆ ಬಂದ ಮೇಲೆ ನನ್ನನ್ನು ಕೇಳಿ ಸಹಿ ಹಾಕಿಸಿಕೊಂಡ ಮೊದಲ ಕಾಗದ ಇದು.”

ನರ್ಸ್ ಮತ್ತು ರೋಗಿಯ ನಡುವಿನ ಸಂಬಂಧವೇ ಚಿಕಿತ್ಸೆಯ ಒಂದು ಭಾಗ ಎಂದು ಅಮೆರಿಕದ ಮನೋರೋಗ ನರ್ಸ್ ಹಿಲ್ಡೆಗಾರ್ಡ್ ಪೆಪ್ಲೌ 1952ರಲ್ಲೇ ಬರೆದರು. ನಾನು ಅದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ, ಅಂಕವೂ ಬಂದಿತ್ತು. ಅರ್ಥ ತಿಳಿದದ್ದು ಆ ಕಿಟಕಿಯ ಬಳಿ. ಈಗ ಹೊಸಬರು ದಾಖಲಾದರೆ, ಅವರಿಗೆ ಕೂತು ಕೇಳುವಷ್ಟು ಸಮಾಧಾನ ಬಂದ ದಿನವೇ ಅವರ ಹಕ್ಕುಗಳನ್ನು ಓದಿ ಹೇಳುತ್ತೇನೆ. ಒಮ್ಮೆ ಹೇಳಿದರೆ ಸಾಲದು, ಮೂರು ನಾಲ್ಕು ದಿನ ಬಿಟ್ಟು ಮತ್ತೊಮ್ಮೆ ಹೇಳಬೇಕು. ಅದನ್ನು ಕಲಿಸಿದವರು ನೀವು.

ಮ-11, ಅಮ್ಮಾ, ನಿಮಗೆ ಹೇಗೆ ಕೃತಜ್ಞತೆ ಹೇಳಲಿ?

ನಾನು ಬಳಸಿದ ಪ್ರಶ್ನಾವಳಿ ಬೆಂಗಳೂರಿನಲ್ಲೇ ಹುಟ್ಟಿದ್ದು. ಶೈಲಾ ಪೈ ಮತ್ತು ಆರ್.ಎಲ್. ಕಪೂರ್ ಅದನ್ನು 1981ರಲ್ಲಿ ಪ್ರಕಟಿಸಿದರು. ಹಣಕಾಸು, ಮನೆಯ ದಿನಚರಿ, ಬಿಡುವು, ಮನೆಯವರ ನಡುವಿನ ಹೊಂದಾಣಿಕೆ, ಉಳಿದವರ ದೇಹದ ಆರೋಗ್ಯ, ಅವರ ಮನಸ್ಸಿನ ಆರೋಗ್ಯ, ಹೀಗೆ ಆರು ವಿಷಯಗಳಲ್ಲಿ 24 ಪ್ರಶ್ನೆಗಳು. ಪ್ರತಿಯೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ. ಮೇಲೆ ‘ಕುಟುಂಬದ ಹೊರೆ’ ಎಂಬ ತಲೆಬರಹ.

ನಾನು ತಲೆಬರಹವನ್ನು ಗಟ್ಟಿಯಾಗಿ ಓದಿದ ಕೂಡಲೇ ನೀವು ಸೆರಗಿನ ಗಂಟಿನಲ್ಲಿದ್ದ ಬೀಗದ ಕೈಯನ್ನು ತಿರುಗಿಸುವುದನ್ನು ನಿಲ್ಲಿಸಿದಿರಿ. “ಹೊರೆ ಎಂದರೆ ಇಳಿಸುವುದಕ್ಕೆ ಬರುತ್ತದೆ, ಅಮ್ಮಾ. ನಾನು ಹುಡುಗಿಯಾಗಿದ್ದಾಗ ಗುಡ್ಡದಿಂದ ಸೊಪ್ಪಿನ ಹೊರೆ ತರುತ್ತಿದ್ದೆವು. ದಾರಿಯಲ್ಲಿ ತಲೆಯೆತ್ತರಕ್ಕೆ ಕಲ್ಲು ನಿಲ್ಲಿಸಿದ್ದರು. ಇನ್ನೊಬ್ಬರು ಕೈಕೊಡಬೇಕೆಂದಿರಲಿಲ್ಲ, ಹೊರೆಯನ್ನು ಅದರ ಮೇಲೆ ಜಾರಿಸಿ, ನೀರು ಕುಡಿದು, ಮತ್ತೆ ತಲೆ ಕೊಟ್ಟರೆ ಆಯಿತು. ನನ್ನ ಮಗ ಹೊರೆಯಲ್ಲ. ಈ ದಾರಿಯಲ್ಲಿ ಆ ಕಲ್ಲು ಇಲ್ಲ, ಅಷ್ಟೇ.”

ಆಮೇಲೆ 24 ಪ್ರಶ್ನೆಗಳಿಗೂ ಉತ್ತರ ಕೊಟ್ಟಿರಿ. ಬಿಡುವಿನ ಪ್ರಶ್ನೆ ಬಂದಾಗ, ಮಗ ಮಲಗಿದ ಮೇಲೆ ಹಿತ್ತಲ ಕಟ್ಟೆಯ ಮೇಲೆ ಅರ್ಧ ಗಂಟೆ ಕೂರುತ್ತೇನೆ, ಅದನ್ನು ಬಿಡುವು ಎಂದು ಬರೆದುಕೊಳ್ಳಬಹುದೇ ಎಂದು ಕೇಳಿದಿರಿ. ಅಣ್ಣನ ಮಗಳ ಮದುವೆಗೂ ಹೋಗಿರಲಿಲ್ಲ ನೀವು. ನಾನು ‘ಎರಡು’ ಎಂದು ಬರೆದುಕೊಂಡೆ. ಅದಕ್ಕಿಂತ ಹೆಚ್ಚಿನ ಅಂಕ ಆ ಕಾಗದದಲ್ಲಿರಲಿಲ್ಲ.

ನನ್ನ ಪ್ರಬಂಧ ಇಂಗ್ಲಿಷಿನಲ್ಲಿದೆ. ಆದರೆ ಐದನೆಯ ಅಧ್ಯಾಯದ ತಲೆಬರಹದಲ್ಲಿ ‘ಹೊರೆಗಲ್ಲು’ ಎಂಬ ಶಬ್ದವನ್ನು ಕನ್ನಡದಲ್ಲೇ ಇಟ್ಟಿದ್ದೇನೆ. ಮೌಖಿಕ ಪರೀಕ್ಷೆಯಲ್ಲಿ ಮೊದಲ ಪ್ರಶ್ನೆ ಬಂದದ್ದೂ ಅದರ ಮೇಲೆಯೇ. ನೀವು ಹೇಳಿದ್ದನ್ನು ನಾನು ಹೇಳಿದೆ. ಹೊರಗಿನಿಂದ ಬಂದ ಪರೀಕ್ಷಕರು ಪೆನ್ನು ಕೆಳಗಿಟ್ಟು ಕೇಳಿದರು.

ಆ ಕಲ್ಲನ್ನು ನಮ್ಮ ಹಿರಿಯರು ಆಗಲೇ ಹುಡುಕಿದ್ದರು ಎಂಬುದನ್ನೂ ಇಲ್ಲಿ ನೆನೆಯಬೇಕು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದೊಳಗೆ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನು ಉಳಿಸಿಕೊಂಡರು. ಪೈ ಮತ್ತು ಕಪೂರ್ ಹೊರೆಯನ್ನು ಅಳೆದು ಸುಮ್ಮನಾಗಲಿಲ್ಲ. ಆಸ್ಪತ್ರೆಯಲ್ಲಿ ದಾಖಲಾದ ರೋಗಿಗಳನ್ನೂ ಒಬ್ಬ ನರ್ಸ್ ಮನೆಗೇ ಹೋಗಿ ನೋಡಿಕೊಂಡ ರೋಗಿಗಳನ್ನೂ ಹೋಲಿಸಿ ನೋಡಿದರು. ನರ್ಸ್ ಮನೆಗೆ ಹೋದ ಕಡೆ ಕುಟುಂಬದ ಭಾರ ಹೆಚ್ಚು ಇಳಿದಿತ್ತು. ನಾನು ಪ್ರಾಥಮಿಕ ಶಾಲೆಗೂ ಸೇರುವ ಮೊದಲು ಆದ ಕೆಲಸ ಇದು. ಇಷ್ಟು ವರ್ಷವಾದರೂ ನಮ್ಮ ತಾಲ್ಲೂಕುಗಳಲ್ಲಿ ಮನೆಭೇಟಿಗೆಂದೇ ಒಬ್ಬ ಮನೋರೋಗ ನರ್ಸ್ ಇಲ್ಲ ಎಂಬುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿತು. ಕಾಯಿಲೆಗೆ ತಕ್ಕಂತೆ ಶೇಕಡ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ತಲುಪಿಲ್ಲ ಎಂದು ಅದರಿಂದ ತಿಳಿಯಿತು. ಈ ಅಂಕಿಯನ್ನು ಓದುವಾಗಲೆಲ್ಲ ನನಗೆ ನಿಮ್ಮ ಹಿತ್ತಲ ಕಟ್ಟೆ ಕಣ್ಣಿಗೆ ಬರುತ್ತದೆ.

ಮ-19, ನೀವು ತಂದೆ. ಎರಡು ವರ್ಷ ಮಗನಿಗೆ ತಿಳಿಯದಂತೆ ಮಾತ್ರೆಯನ್ನು ಪುಡಿಮಾಡಿ ಮೊಸರನ್ನದಲ್ಲಿ ಕಲೆಸಿ ಕೊಟ್ಟದ್ದನ್ನು ನನ್ನೆದುರು ಹೇಳಿದಿರಿ. ಹೇಳಿ ಮುಗಿಸಿದ ಮೇಲೆ ಕೈಯನ್ನು ಪಂಚೆಗೆ ಒರೆಸಿಕೊಂಡಿರಿ. ತಪ್ಪು ಎಂದು ನಾನು ಹೇಳುತ್ತೇನೆಂದು ನೀವು ಕಾದಿದ್ದಿರಿ. ರೋಗಿಗೆ ಗೊತ್ತಿಲ್ಲದೆ ಔಷಧ ಕೊಡಬಾರದು ಎಂದು ನಾನು ಇಂದಿಗೂ ನಂಬುತ್ತೇನೆ; ಆ ಮಾತನ್ನು ಮೃದುವಾಗಿಯೇ ಆದರೂ ನಿಮಗೆ ಹೇಳಿದೆ. ಆದರೆ ನಿಮ್ಮ ಅಡುಗೆಮನೆಯಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆನೋ! ಮುಂದಿನ ತಿಂಗಳು ನೀವೇ ಡಾಕ್ಟರ ಎದುರು ಮಗನಿಗೆ ಎಲ್ಲವನ್ನೂ ಹೇಳಿದಿರಿ. ಅವನು ಆರು ವಾರ ನಿಮ್ಮ ಕೈಯಿಂದ ಊಟ ತೆಗೆದುಕೊಳ್ಳಲಿಲ್ಲ. ಆ ಆರು ವಾರ ನೀವು ಕ್ಲಿನಿಕ್ಕಿಗೆ ಬರುವುದನ್ನು ತಪ್ಪಿಸಲಿಲ್ಲ. ನಿಮ್ಮ ಧೈರ್ಯಕ್ಕೆ ಕೈಮುಗಿಯುತ್ತೇನೆ. ಅವನಿಗೂ ಕೈಮುಗಿಯುತ್ತೇನೆ, ಈಗ ಮಾತ್ರೆಯ ಡಬ್ಬಿಯನ್ನು ಅವನೇ ತುಂಬಿಕೊಳ್ಳುತ್ತಾನೆ.

ಇನ್ನು ನನ್ನ ಜೊತೆಯ ನರ್ಸ್‌ಗಳು. ನಮ್ಮ ವಾರ್ಡಿನಲ್ಲಿ ರಾತ್ರಿ ನಲವತ್ತು ಹಾಸಿಗೆಗೆ ಇಬ್ಬರು. ನಿಮ್ಮ ಬಿಡುವಿನ ಇಪ್ಪತ್ತು ನಿಮಿಷವನ್ನು ನನ್ನ ಪ್ರಶ್ನೆಗಳಿಗೆ ಕೊಟ್ಟಿರಿ. ನ-6, ನಿಮ್ಮ ಕಾಗದವನ್ನು ನಾನು ಯಾವತ್ತೂ ಮರೆಯುವುದಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಚಹಾದ ಲೋಟ ಪಕ್ಕಕ್ಕಿಟ್ಟು ದಣಿವಿನ ಪ್ರಶ್ನಾವಳಿ ತುಂಬುತ್ತಿದ್ದಿರಿ. ಈ ಕೆಲಸದಿಂದ ಮನಸ್ಸು ಕಲ್ಲಾಗುತ್ತಿದೆ ಎನ್ನಿಸುತ್ತದೆಯೇ ಎಂಬ ಪ್ರಶ್ನೆಗೆ ಬಂದಾಗ ಪೆನ್ನು ನಿಂತಿತು. ಹಿಂದಿನ ವಾರವಷ್ಟೇ ಒಬ್ಬ ಹುಡುಗಿ ಉದ್ವೇಗದಲ್ಲಿ ನಿಮ್ಮ ಕೆನ್ನೆಗೆ ಹೊಡೆದಿದ್ದಳು. ಊತ ಇನ್ನೂ ಇಳಿದಿರಲಿಲ್ಲ. ಅಷ್ಟರಲ್ಲಿ ಅದೇ ಹುಡುಗಿ ಕೂಗಿದಳು, ಬಾಯಾರಿಕೆ ಎಂದು. ನೀವು ಎದ್ದು ಹೋದಿರಿ. ಬೆಳಗ್ಗೆ ಕಾಗದ ವಾಪಸು ಬಂದಾಗ ಆ ಚೌಕ ಖಾಲಿಯಾಗಿತ್ತು.

ಅಂಕಿಅಂಶದ ಲೆಕ್ಕದಲ್ಲಿ ಖಾಲಿ ಚೌಕವನ್ನು ಸರಾಸರಿಯಿಂದ ತುಂಬಿಕೊಳ್ಳುವ ಪದ್ಧತಿಯುಂಟು. ನಿಮ್ಮದನ್ನು ನಾನು ತುಂಬಲಿಲ್ಲ. ಅದು ಖಾಲಿಯಾಗಿಯೇ ಪ್ರಬಂಧದ ಅನುಬಂಧದಲ್ಲಿದೆ.

2020ರ ಮಾರ್ಚ್ 25ರಿಂದ ಬಸ್ಸುಗಳು ನಿಂತಾಗ ನನ್ನ ಅಧ್ಯಯನವೂ ನಿಂತಿತು. ಅದು ಸಣ್ಣ ವಿಷಯ. ಊರುಗಳಲ್ಲಿ ಮಾತ್ರೆ ಮುಗಿಯುತ್ತಿದ್ದವು. ಈಗ ಹಗಲುರಾತ್ರಿ ಸಿಗುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಆಗ ಇರಲಿಲ್ಲ. ಅದು ಬಂದದ್ದು 2022ರ ಅಕ್ಟೋಬರ್‌ನಲ್ಲಿ. ಪಟ್ಟಿ ಹಿಡಿದು ಒಂದೊಂದೇ ಮನೆಗೆ ಫೋನ್ ಮಾಡಿದೆ. ಆಗ ಮುಂದೆ ಬಂದವರು ಇಬ್ಬರು ಆಶಾ ಕಾರ್ಯಕರ್ತೆಯರು ಮತ್ತು ಒಬ್ಬ ಹಾಲಿನ ವ್ಯಾನಿನ ಡ್ರೈವರ್. ಅಣ್ಣಾ, ನೀವು ನನ್ನ ಅಧ್ಯಯನದಲ್ಲಿ ಇರಲೇ ಇಲ್ಲ, ನಿಮಗೆ ಸಂಖ್ಯೆಯೂ ಇಲ್ಲ. ನಸುಕಿನಲ್ಲಿ ಹಾಲಿನ ಕ್ಯಾನುಗಳ ನಡುವೆ ಔಷಧದ ಪೊಟ್ಟಣ ಇಟ್ಟುಕೊಂಡು ಹೋದಿರಿ. ಯಾರಿಗೂ ಗೊತ್ತಾಗಬಾರದೆಂದು ಆಸ್ಪತ್ರೆಯ ಕವರು ತೆಗೆದು ಹಳೆಯ ಪೇಪರಿನಲ್ಲಿ ಸುತ್ತಿ ಕೊಡಿ ಎಂದು ಕೇಳಿದವರೂ ನೀವೇ. ನನಗೆ ಅದು ಹೊಳೆದಿರಲಿಲ್ಲ.

ಎಲ್ಲವೂ ತಲುಪಲಿಲ್ಲ. ರೋ-15, ನಿಮ್ಮ ಊರಿಗೆ ವ್ಯಾನು ಹೋಗುತ್ತಿರಲಿಲ್ಲ. ಆ ಮಳೆಗಾಲದಲ್ಲಿ ನಿಮ್ಮನ್ನು ಕಳೆದುಕೊಂಡೆವು. ಒಂದು ವರ್ಷ ಬಿಟ್ಟು ನಿಮ್ಮ ಅಕ್ಕ ಬಂದು, ನಿಮ್ಮ ಮಾತುಗಳನ್ನು ಪ್ರಬಂಧದಿಂದ ತೆಗೆಯಬೇಡಿ ಎಂದು ಹೇಳಿಹೋದರು. ತೆಗೆದಿಲ್ಲ. ಅವು 143ನೆಯ ಪುಟದಲ್ಲಿವೆ.

ನನ್ನ ಮಾರ್ಗದರ್ಶಕರು ಮೂರು ಸಲ ನಾನು ಬಿಡುತ್ತೇನೆಂದಾಗಲೂ ಆಗಲಿ ಎನ್ನದೆ, ಮುಂದಿನ ಭೇಟಿಯ ದಿನಾಂಕ ಬರೆದುಕೊಟ್ಟರು. ಅತ್ತೆ ನನ್ನ ನೈಟ್ ಡ್ಯೂಟಿಯ ಮರುದಿನಗಳಲ್ಲಿ ಮಕ್ಕಳ ಸದ್ದು ಕೇಳದಂತೆ ನೋಡಿಕೊಂಡರು. ಗಂಡ ನನ್ನ ಬರಹವನ್ನೆಲ್ಲ ಮೊದಲು ಓದಿದರು. ಅರ್ಥವಾಗದ ಕಡೆ ಪೆನ್ಸಿಲ್‌ನಲ್ಲಿ ಗೆರೆ ಎಳೆದರು, ಆ ಗೆರೆಗಳು ಬಹಳ ಉಪಕಾರ ಮಾಡಿದವು.

ಪ್ರಬಂಧದ ಸಾರವನ್ನು ಹನ್ನೆರಡು ಪುಟಗಳಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿದ್ದೇನೆ. ಬರುವ ಮಂಗಳವಾರ ಎಂದಿನಂತೆ ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್ಕಿನಲ್ಲಿರುತ್ತೇನೆ, ಬೆಳಗ್ಗೆ ಹತ್ತರಿಂದ. ಪ್ರತಿಗಳು ಮೇಜಿನ ಎಡಗಡೆಯ ಡ್ರಾಯರಿನಲ್ಲಿರುತ್ತವೆ. ಮೇಲಿನ ಕವರು ಬರೀ ಬಿಳಿ, ಅದರ ಮೇಲೆ ಏನೂ ಬರೆದಿಲ್ಲ. ಓದಲು ಬರದವರು ಸ್ವಲ್ಪ ಹೊತ್ತು ಕಾದರೆ, ಜನ ಕಡಿಮೆಯಾದ ಮೇಲೆ ನಾನೇ ಕೂತು ಓದಿ ಹೇಳುತ್ತೇನೆ.