ಗ್ವಾನಾಹ್ವಾತೊದ ಆ ಅಮ್ಮನಿಗೆ

ಅಮ್ಮಾ, ನಿಮ್ಮ ಹೆಸರು ಕೇಳುವ ಮೊದಲೇ ನೀವು ಹೊರಟುಬಿಟ್ಟಿರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೆಕ್ಸಿಕೋದ ನಿಮ್ಮ ಊರಲ್ಲಿ ಬಸ್ಸು ನಮ್ಮನ್ನು ಇಳಿಸಿದ್ದು ನೆಲದಡಿಯ ಸುರಂಗದಲ್ಲಿ. ಹಿಂದೆ ನದಿ ಹರಿಯುತ್ತಿದ್ದ ಜಾಗ, ಈಗ ರಸ್ತೆ. ಫೋನಿಗೆ ಸಿಗ್ನಲ್ ಇಲ್ಲ, ಮೇಲೆ ಹೋಗುವ ದಾರಿ ಗೊತ್ತಿಲ್ಲ. ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದಿದ್ದ ನೀವು, ಬನ್ನಿ ಅಂತ ತಲೆಯಾಡಿಸಿ ಮುಂದೆ ನಡೆದಿರಿ.

ಕಲ್ಲಿನ ಮೆಟ್ಟಿಲು ಹತ್ತಿ ಬಂದರೆ ಬೆಟ್ಟದ ತುಂಬಾ ಹಳದಿ, ಗುಲಾಬಿ, ನೀಲಿ ಮನೆಗಳು. ನಾನು ಅಲ್ಲೇ ಮನಸೋತೆ. ನಾನು ನೋಡಿ ಮುಗಿಸುವವರೆಗೂ ನೀವು ಸುಮ್ನೆ ಕಾದಿರಿ.

ದಾರಿಯಲ್ಲಿ ಅಲೊಂದಿಗಾ ಎಂಬ ಹಳೆಯ ಕಣಜ ತೋರಿಸಿದಿರಿ. 1810ರಲ್ಲಿ ಸ್ಪೇನ್ ಆಳ್ವಿಕೆಯ ವಿರುದ್ಧ ಎದ್ದ ಹಿದಾಲ್ಗೊ ಎಂಬ ಪಾದ್ರಿಯ ದಂಡು ನುಗ್ಗಿದ್ದು ಅಲ್ಲಿಗೇ. ನೀವು ಕಟ್ಟಡದ ಮೂಲೆಯತ್ತ ಬೆರಳು ಮಾಡಿ, ಕುತ್ತಿಗೆಗೆ ಅಡ್ಡ ಕೈ ಎಳೆದಿರಿ. ಮರುವರ್ಷ ಹಿದಾಲ್ಗೊ ಮತ್ತು ಮೂವರು ಸಂಗಡಿಗರನ್ನು ಕೊಂದು, ತಲೆಗಳನ್ನು ಆ ನಾಲ್ಕು ಮೂಲೆಗಳಲ್ಲಿ ನೇತುಹಾಕಿದ್ದರು. 1821ರವರೆಗೂ ಇಳಿಸಲಿಲ್ಲ. ಬೆಳ್ಳಿ ಗಣಿಗಳ ದುಡ್ಡಲ್ಲಿ ಬೆಳೆದ ಊರಿನ ಅಂದ ಮೆಚ್ಚುವವರು ಇದನ್ನೂ ತಿಳಿಯಬೇಕು, ಅಲ್ವಾ?

ನಮ್ಮ ಓಣಿಯ ಬಾಗಿಲವರೆಗೂ ಬಂದು ಬಿಟ್ಟು ಹೋದಿರಿ. ದೊಡ್ಡ ಉಪಕಾರ ಆಯ್ತು ಅಮ್ಮಾ. ನಿಮ್ಮ ಮನೆಯವರೆಲ್ಲ ಚೆನ್ನಾಗಿರಲಿ.