ಕರೆ ಮಾಡಿದವರೇ ಮೊದಲು ತಮ್ಮ ಗುರುತು ಖಚಿತಪಡಿಸಲಿ

ಮಾನ್ಯರೇ,

ಪಿನ್ ಹೇಳಬೇಡಿ, ಒಟಿಪಿ ಕೊಡಬೇಡಿ, ಗುರುತಿಲ್ಲದ ಲಿಂಕ್ ಒತ್ತಬೇಡಿ ಎಂದು ಬ್ಯಾಂಕುಗಳು ಗ್ರಾಹಕರಿಗೆ ಪದೇಪದೇ ಸಂದೇಶ ಕಳುಹಿಸುತ್ತವೆ. ಹೀಗೆ ಎಚ್ಚರಿಸುವ ಬ್ಯಾಂಕುಗಳಲ್ಲೇ ಹಲವು, ತಾವಾಗಿ ಗ್ರಾಹಕರಿಗೆ ಕರೆ ಮಾಡಿದಾಗ, ‘ನಿಮ್ಮ ಜನ್ಮದಿನಾಂಕ ಹೇಳಿ, ತಾಯಿಯ ಹೆಸರು ಹೇಳಿ’ ಎಂದು ಕೇಳುವ ಪದ್ಧತಿಯನ್ನು ಇನ್ನೂ ಬಿಟ್ಟಿಲ್ಲ. ಕರೆ ಮಾಡಿದವರು ಯಾರೆಂಬುದೇ ಖಚಿತವಾಗದಿರುವಾಗ ಕರೆ ಸ್ವೀಕರಿಸಿದವರು ಪರೀಕ್ಷೆಗೆ ಒಳಗಾಗಬೇಕಾದ ಈ ಕ್ರಮ ಬದಲಾಗಲೇಬೇಕು.

ಈಚೆಗೆ ನನಗೂ ಇಂಥದೊಂದು ಕರೆ ಬಂದಿತ್ತು. ‘ನೀವು ಬ್ಯಾಂಕಿನವರೇ ಎಂದು ನಾನು ತಿಳಿಯುವುದು ಹೇಗೆ?’ ಎಂದು ಕೇಳಿದ್ದಕ್ಕೆ, ‘ನಿಮ್ಮ ಸುರಕ್ಷತೆಗಾಗಿಯೇ ಕೇಳುತ್ತಿದ್ದೇವೆ’ ಎಂಬ ಅಸಹನೆಯ ಉತ್ತರ ಸಿಕ್ಕಿತು. ಕರೆ ಕಡಿದು, ಕಾರ್ಡಿನ ಹಿಂಬದಿಯಲ್ಲಿದ್ದ ಸಂಖ್ಯೆಗೆ ಫೋನ್ ಮಾಡಿ ವಿಚಾರಿಸಿದಾಗ ಅದು ನಿಜವಾಗಿಯೂ ಬ್ಯಾಂಕಿನದೇ ಕರೆ ಎಂದು ತಿಳಿಯಿತು. ನನಗೆ ಹೆಚ್ಚು ಕಳವಳ ತಂದದ್ದು ಇದೇ. ಬ್ಯಾಂಕಿನ ಸಿಬ್ಬಂದಿಯೂ ವಂಚಕನೂ ಒಂದೇ ಧಾಟಿಯಲ್ಲಿ ಮಾತನಾಡಿದರೆ ಸಾಮಾನ್ಯ ಗ್ರಾಹಕರು, ಅದರಲ್ಲೂ ವಯಸ್ಸಾದವರು, ಇಬ್ಬರ ನಡುವೆ ವ್ಯತ್ಯಾಸ ಗುರುತಿಸುವುದಾದರೂ ಹೇಗೆ?

ವಂಚಕರು ಬರಿಗೈಯಲ್ಲಿ ಕರೆ ಮಾಡುವುದಿಲ್ಲ. ಎಲ್ಲೋ ಸೋರಿಕೆಯಾದ ಮಾಹಿತಿಯಿಂದ ಹೆಸರು, ವಿಳಾಸ, ಕೆಲವೊಮ್ಮೆ ಕಾರ್ಡಿನ ಕೊನೆಯ ನಾಲ್ಕು ಅಂಕಿಗಳನ್ನೂ ಸಂಗ್ರಹಿಸಿಕೊಂಡಿರುತ್ತಾರೆ. ಅವನ್ನು ತಾವೇ ಓದಿ ಹೇಳಿ ನಂಬಿಕೆ ಗಳಿಸುತ್ತಾರೆ. ‘ನಿಮ್ಮ ಖಾತೆಯಿಂದ ಈಗಷ್ಟೇ ದೊಡ್ಡ ಮೊತ್ತ ಹೋಗುತ್ತಿದೆ, ತಡೆಯಬೇಕೇ?’ ಎಂದು ಗಾಬರಿ ಹುಟ್ಟಿಸಿ, ಅದೇ ಹೊತ್ತಿಗೆ ಬ್ಯಾಂಕಿನ ಜಾಲತಾಣದಲ್ಲಿ ‘ಪಾಸ್‌ವರ್ಡ್ ಮರೆತಿದೆ’ ಎಂಬುದನ್ನು ಒತ್ತುತ್ತಾರೆ. ಆಗ ಗ್ರಾಹಕರ ಮೊಬೈಲಿಗೆ ಬರುವ ಒಟಿಪಿ ಬ್ಯಾಂಕೇ ಕಳುಹಿಸಿದ ಅಸಲಿ ಒಟಿಪಿ. ಬ್ಯಾಂಕಿನ ಹೆಸರಿನಲ್ಲೇ ಸಂದೇಶ ಬಂತಲ್ಲ ಎಂಬ ಕಾರಣಕ್ಕೆ ಕರೆಯೂ ಬ್ಯಾಂಕಿನದೇ ಎಂದು ನಂಬಿ ಅಂಕಿಗಳನ್ನು ಓದಿ ಹೇಳುವವರನ್ನು ದಡ್ಡರೆಂದು ಹಳಿಯುವುದು ಅನ್ಯಾಯ. ಪರದೆಯ ಮೇಲೆ ಕಾಣುವ ಸಂಖ್ಯೆಯನ್ನೂ ನಂಬುವಂತಿಲ್ಲ. ಇಂಟರ್ನೆಟ್ ಮೂಲಕ ಕರೆ ಮಾಡುವ ಕೆಲವು ವ್ಯವಸ್ಥೆಗಳಲ್ಲಿ ಬೇರೆಯವರ ಸಂಖ್ಯೆ ಮೂಡುವಂತೆ ಮಾಡಲು ಸಾಧ್ಯವಿದೆ.

ಇನ್ನು, ಪಾಸ್‌ವರ್ಡ್ ಮರೆತಾಗ ಗುರುತು ಖಚಿತಪಡಿಸಲು ಕೇಳುವ ಭದ್ರತಾ ಪ್ರಶ್ನೆಗಳ ವಿಷಯ. ಹುಟ್ಟಿದ ಊರು, ಓದಿದ ಶಾಲೆ, ಮೊದಲ ಶಿಕ್ಷಕರ ಹೆಸರು ಇವೆಲ್ಲ ಗುಟ್ಟಿನ ಸಂಗತಿಗಳೇ ಅಲ್ಲ. 2008ರಲ್ಲಿ ಅಮೆರಿಕದ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿದ್ದ ಸಾರಾ ಪೇಲಿನ್ ಅವರ ಯಾಹೂ ಇಮೇಲ್ ಖಾತೆಯೊಳಗೆ ವಿದ್ಯಾರ್ಥಿಯೊಬ್ಬ ನುಗ್ಗಿದ್ದು, ಇಂಥ ಪ್ರಶ್ನೆಗಳಿಗೆ ಅಂತರ್ಜಾಲದಲ್ಲೇ ಉತ್ತರ ಹುಡುಕಿ. ಗೂಗಲ್ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೊರಿಯನ್ ಭಾಷಿಕ ಬಳಕೆದಾರರ ಹುಟ್ಟೂರನ್ನು ಖಾತೆಗೆ ನುಗ್ಗಲು ಯತ್ನಿಸುವವರು ಹತ್ತು ಊಹೆಗಳೊಳಗೆ ಸರಿಯಾಗಿ ಹೇಳಿಬಿಡುವ ಸಾಧ್ಯತೆ ಶೇ 39ರಷ್ಟಿತ್ತು. ಅಮೆರಿಕದ ಮಾನದಂಡ ಸಂಸ್ಥೆಯಾದ ನಿಸ್ಟ್ 2017ರ ತನ್ನ ಮಾರ್ಗಸೂಚಿಯಲ್ಲಿ ಇಂಥ ಪ್ರಶ್ನೆಗಳನ್ನು ಬಳಸಬಾರದೆಂದು ಹೇಳಿದ ಮೇಲೂ ಅವು ಉಳಿದುಕೊಂಡಿರುವುದು ವಿಷಾದನೀಯ. ಎಲ್ಲಿಯವರೆಗೆ ಅವು ಇರುತ್ತವೋ ಅಲ್ಲಿಯವರೆಗೆ ಗ್ರಾಹಕರು ನಿಜವಾದ ಉತ್ತರ ಕೊಡಬೇಕಾಗಿಲ್ಲ. ಸಂಬಂಧವೇ ಇಲ್ಲದ ಉತ್ತರವೊಂದನ್ನು ಕೊಟ್ಟು, ಅದನ್ನು ಸುರಕ್ಷಿತ ಜಾಗದಲ್ಲಿ ಬರೆದಿಟ್ಟುಕೊಳ್ಳುವುದು ಮೇಲು.

ಬ್ಯಾಂಕುಗಳು ಒಂದು ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಲಿ: ತಾವು ಮಾಡಿದ ಕರೆಯಲ್ಲಿ ಗ್ರಾಹಕರಿಂದ ಯಾವ ವೈಯಕ್ತಿಕ ವಿವರವನ್ನೂ ಕೇಳಕೂಡದು. ವಿಷಯವಿದೆ ಎಂದಷ್ಟೇ ತಿಳಿಸಿ, ಕಾರ್ಡಿನ ಮೇಲಿರುವ ಸಂಖ್ಯೆಗೆ ಗ್ರಾಹಕರೇ ಕರೆ ಮಾಡುವಂತೆ ಹೇಳಲಿ. ಹಾಗೆ ಮಾಡಿದವರು ದೀರ್ಘಕಾಲ ಸಂಗೀತ ಕೇಳುತ್ತಾ ಕಾಯದಂತೆ, ಹಿಂದಿನ ಕರೆಯ ವಿವರ ತಕ್ಷಣ ಸಿಗುವ ಉಲ್ಲೇಖ ಸಂಖ್ಯೆಯ ವ್ಯವಸ್ಥೆಯನ್ನೂ ಮಾಡಲಿ. ಅನುಮಾನದಿಂದ ಕರೆ ಕಡಿಯುವ ಗ್ರಾಹಕರ ಮೇಲೆ ರೇಗದಂತೆ ಸಿಬ್ಬಂದಿಗೆ ತರಬೇತಿ ಕೊಡುವುದೂ ಇದರ ಭಾಗವಾಗಬೇಕು.

ಇತಿ,
ಒಬ್ಬ ಬ್ಯಾಂಕ್ ಗ್ರಾಹಕ