ಹೊರಡುವ ಮುಂಚೆ ಎಲ್ಲರಿಗೂ ಒಂದು ಮಾತು

ಎಲ್ಲರಿಗೂ ನಮಸ್ಕಾರ. ಬರುವ ಶನಿವಾರ ನಾವು ಬದಿಯಡ್ಕದ ಮನೆ ಖಾಲಿ ಮಾಡಿ ಬೆಂಗಳೂರಿಗೆ ಹೋಗುವುದು. ಸಾಮಾನು ಲಾರಿಯಲ್ಲಿ, ನಾವು ಕಾಸರಗೋಡಿನಿಂದ ಕಣ್ಣೂರು–ಬೆಂಗಳೂರು ರೈಲಿನಲ್ಲಿ. ಮಗುವಿಗೆ ಟಿಕೆಟ್ ಮಾಡಿಲ್ಲ, 5 ವರ್ಷದೊಳಗಿನವರಿಗೆ ಬೇರೆ ಬರ್ತ್ ಬೇಡವಾದರೆ ಟಿಕೆಟೂ ಬೇಡ. ರಾತ್ರಿಯಿಡೀ ನನ್ನ ಮೇಲೆಯೇ ಮಲಗುತ್ತಾನೆ, ಅದು ಬೇರೆ ವಿಷಯ.

ಮನೆಯ ಅವಸ್ಥೆ ಕೇಳಬೇಡಿ. ನಾನು ಒಂದು ಪೆಟ್ಟಿಗೆ ತುಂಬಿಸಿ ಟೇಪ್ ಅಂಟಿಸುವಷ್ಟರಲ್ಲಿ ಇವನು ಇನ್ನೊಂದರಿಂದ ಲೋಟ, ಸೌಟು, ಅಜ್ಜನ ಕನ್ನಡಕ ಎಲ್ಲ ಹೊರಗೆ ಹಾಕಿ, ತಾನೇ ಒಳಗೆ ಕೂತು "ಬಸ್ಸು, ಬಸ್ಸು" ಅಂತ ಬೊಬ್ಬೆ ಹಾಕುತ್ತಾನೆ. ಕೊನೆಗೆ ಒಂದು ಪೆಟ್ಟಿಗೆ ಅವನಿಗೇ ಬಿಟ್ಟಿದ್ದೇನೆ.

ನೋಡಲು ಬರುವವರು ಸಂಜೆ 4ರ ನಂತರ ಬನ್ನಿ, ಮಧ್ಯಾಹ್ನ ಅವನು ಮಲಗುವ ಹೊತ್ತು, ನಮ್ಮ ಕೆಲಸ ಸಾಗುವುದೂ ಆಗಲೇ ಅಲ್ವಾ. ಆಟದ ಸಾಮಾನು ಮಾತ್ರ ತರಬೇಡಿ ಮಾರಾಯ್ರೆ, ಜಾಗ ಇಲ್ಲ. ಹಳೇ ಪೇಪರ್, ಖಾಲಿ ರಟ್ಟಿನ ಪೆಟ್ಟಿಗೆ ಇದ್ದರೆ ತನ್ನಿ. ತೊಟ್ಟಿಲು, ಮೂರು ಚಕ್ರದ ಸೈಕಲ್ ಉಂಟು. ಬೇಕಾದವರು ಹೇಳಿ, ದುಡ್ಡು ಬೇಡ.

ಚಿಕ್ಕಮ್ಮ ಕೇಳಿದ್ದಕ್ಕೆ: ಚುಚ್ಚುಮದ್ದು ಆಯಿತು. ದಡಾರ-ರುಬೆಲ್ಲಾ ಎರಡನೇ ಡೋಸ್ 16ರಿಂದ 24 ತಿಂಗಳೊಳಗೆ ಕೊಡುವುದು, ಅದನ್ನು ಇಲ್ಲೇ ಮುಗಿಸಿದೆವು. ಕಾರ್ಡ್ ನನ್ನ ಕೈಚೀಲದಲ್ಲೇ ಇರುತ್ತದೆ, ಲಾರಿಗೆ ಹಾಕುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಮಧೂರು ಗಣಪತಿ ದೇವಸ್ಥಾನಕ್ಕೆ ಹೋಗುತ್ತೇವೆ. ಅಲ್ಲಿಯ ಅಪ್ಪ (ಸಿಹಿ ತಿಂಡಿ) ಪ್ರಸಾದ ಬೇಕಾದವರು ಗುರುವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ, ಆಮೇಲೆ ಸಿಗಲಿಲ್ಲ ಅಂತ ಕೋಪ ಮಾಡಬೇಡಿ.